ಬಿದ್ದವನು ತನ್ನ ತಪ್ಪಿನಿಂದಲೇ ಬಿದ್ದನೇ?

ದುರಂತ ನಾಟಕಗಳ ಬಗ್ಗೆ ಎಲ್ಲೇ ಮಾತನಾಡಿದರೂ ಕೊನೆಗೆ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ: "ನಾಟಕದಲ್ಲಿ ನಾಯಕ ತನ್ನದೇ ದೋಷದಿಂದ ಹಾಳಾಗುತ್ತಾನೆ. ಬದುಕಿನಲ್ಲೂ ಹಾಗೆಯೇ ಅಲ್ಲವೇ? ಕೆಟ್ಟುಹೋದವರು, ಅಕಾಲದಲ್ಲಿ ಸತ್ತವರು ಎಲ್ಲೋ ಒಂದು ಕಡೆ ಎಡವಿರಲೇಬೇಕಲ್ಲವೇ?"

ಕೇಳುವವರು ಕಲ್ಲುಮನಸ್ಸಿನವರಲ್ಲ. ನಾವೆಲ್ಲ ಹಾಗೆಯೇ ಕಲಿತವರು. ಮ್ಯಾಕ್‌ಬೆತ್‌ಗೆ ಅಧಿಕಾರದಾಹ, ಒಥೆಲೊಗೆ ಸಂಶಯ, ಹ್ಯಾಮ್ಲೆಟ್‌ಗೆ ಹಿಂಜರಿಕೆ, ಈಡಿಪಸ್‌ಗೆ ಅಹಂಕಾರ ಎಂದು ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ದೋಷ ಬರೆದು ಪರೀಕ್ಷೆಯಲ್ಲಿ ಅಂಕ ಪಡೆದಿದ್ದೇವೆ. ಆದರೆ ಈ ಪಾಠ ತರಗತಿಯಲ್ಲೇ ಉಳಿಯುವುದಿಲ್ಲ. ಸಾವಿನ ಮನೆಗೆ ಹೋದಾಗ, ವ್ಯಾಪಾರದಲ್ಲಿ ಮುಳುಗಿದವರನ್ನು ಕಂಡಾಗ, ಕಾಯಿಲೆ ಬಿದ್ದವರ ಸುದ್ದಿ ಕೇಳಿದಾಗ ಅದು ನಮ್ಮ ಬಾಯಿಂದಲೇ ಹೊರಡುತ್ತದೆ. "ಮೊದಲೇ ತೋರಿಸಬೇಕಿತ್ತು." "ಅಷ್ಟು ಸಾಲ ಯಾಕೆ ಮಾಡಬೇಕಿತ್ತು?" "ಆ ಹೊತ್ತಿನಲ್ಲಿ ಹೊರಗೆ ಹೋದದ್ದೇಕೆ?" ಅದಕ್ಕೇ ಈ ಪ್ರಶ್ನೆಗೆ ಪೂರ್ತಿಯಾಗಿ ಉತ್ತರಿಸಬೇಕು ಅನ್ನಿಸಿತು. ನನ್ನ ಉತ್ತರ: ಅಲ್ಲ. ಬದುಕಿನಲ್ಲಂತೂ ಅಲ್ಲ, ನಾಟಕದಲ್ಲೂ ಅಲ್ಲ.

ಈಡಿಪಸ್‌ನಿಂದಲೇ ಶುರುಮಾಡೋಣ. ಅವನು ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆಂದು ದೈವವಾಣಿ ನುಡಿಯಿತು. ಆ ಪಾಪ ತನ್ನಿಂದ ಆಗಬಾರದೆಂದು ಅವನು ತಂದೆತಾಯಿಯರೆಂದು ನಂಬಿದ್ದವರನ್ನು, ಕೈಗೆ ಬರಬೇಕಿದ್ದ ಕೊರಿಂತ್‌ನ ಸಿಂಹಾಸನವನ್ನು ಬಿಟ್ಟು ಹೊರಟ. ಮೂರು ದಾರಿ ಕೂಡುವಲ್ಲಿ ಎದುರು ಬಂದ ರಥದವರು ಅವನನ್ನು ಬಲವಂತವಾಗಿ ಪಕ್ಕಕ್ಕೆ ತಳ್ಳಿದರು. ರಥದಲ್ಲಿದ್ದ ಮುದುಕ ತಲೆಗೆ ಹೊಡೆದ. ಈಡಿಪಸ್ ತಿರುಗಿ ಹೊಡೆದ, ಮುದುಕ ಸತ್ತ. ಅವನು ತಂದೆಯೆಂದು ತಿಳಿಯುವ ಯಾವ ಗುರುತೂ ಅಲ್ಲಿರಲಿಲ್ಲ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ನಾಟಕ ಶುರುವಾಗುವ ಹೊತ್ತಿಗೆ ಇದೆಲ್ಲ ನಡೆದು ವರ್ಷಗಳೇ ಆಗಿವೆ. ರಂಗದ ಮೇಲೆ ನಾವು ಕಾಣುವುದು ಮಹಾಮಾರಿಗೆ ಸಿಕ್ಕಿದ ತನ್ನ ಊರು ಥೀಬ್ಸನ್ನು ಉಳಿಸಲು ಹಳೆಯ ಕೊಲೆಯ ಸತ್ಯವನ್ನು ಹುಡುಕುವ ದೊರೆಯನ್ನು. ಅವನಿಗೆ ಕೋಪ ಬೇಗ ಬರುತ್ತದೆ, ನಿಜ. ಕಣ್ಣಿಲ್ಲದ ಪ್ರವಾದಿಯನ್ನು ಹೀಗಳೆಯುತ್ತಾನೆ. ಆದರೆ ಅವನನ್ನು ಕೆಡವಿದ್ದು ಆ ಕೋಪವಲ್ಲ. "ಇನ್ನು ಹುಡುಕಬೇಡ" ಎಂದು ಹೆಂಡತಿ ಜೊಕಾಸ್ಟ (ನಿಜದಲ್ಲಿ ಅವನ ತಾಯಿ) ಬೇಡಿಕೊಂಡ ಗಳಿಗೆಯಲ್ಲಿ ಅವನು ನಿಲ್ಲಿಸಿದ್ದರೆ ಅರಮನೆ ಉಳಿಯುತ್ತಿತ್ತು, ಊರು ಸಾಯುತ್ತಿತ್ತು. ಅವನು ನಿಲ್ಲಿಸಲಿಲ್ಲ. ಅವನ ಗುಣವೇ ಅವನನ್ನು ಬೀಳಿಸಿತು. ದೋಷದ ಪಟ್ಟಿಯಲ್ಲಿ ಇದಕ್ಕೆ ಜಾಗವೆಲ್ಲಿ?

ನಾಯಕ ತನ್ನ ದೋಷದಿಂದ ಬೀಳುತ್ತಾನೆಂದು ಅರಿಸ್ಟಾಟಲ್ ಹೇಳಿದ್ದಾನಲ್ಲ ಎನ್ನುತ್ತಾರೆ. ಅವನು ಹೇಳಿದ್ದೇನೆಂದು ನೋಡಿ. ದುಷ್ಟನು ಸಿರಿಯಿಂದ ಸಂಕಟಕ್ಕೆ ಬಿದ್ದರೆ ನಮಗೆ ನ್ಯಾಯ ಸಿಕ್ಕಿತೆನಿಸಬಹುದು, ಕರುಣೆ ಹುಟ್ಟುವುದಿಲ್ಲ. ತನಗೆ ಸಲ್ಲದ ಕಷ್ಟಕ್ಕೆ ಗುರಿಯಾದವನನ್ನು ಕಂಡಾಗ ಕರುಣೆ, ಅವನು ನಮ್ಮಂತೆಯೇ ಇದ್ದಾನೆಂದು ಅರಿವಾದಾಗ ಭಯ. ನಾಯಕ ಬೀಳುವುದು ನೀಚತನದಿಂದ ಅಲ್ಲ, ಒಂದು ದೊಡ್ಡ ತಪ್ಪುನಡೆಯಿಂದ ಎಂಬುದೂ ಅವನದೇ ಮಾತು. ಅಂದಮೇಲೆ ನಾಯಕ ತಕ್ಕ ಶಿಕ್ಷೆ ಪಡೆದ ಎಂದು ಓದುವವರು, ಅರಿಸ್ಟಾಟಲ್ ಯಾವುದಕ್ಕಾಗಿ ದುರಂತ ನಾಟಕವನ್ನು ಮೆಚ್ಚಿದನೋ ಆ ಕರುಣೆಯನ್ನೇ ತೆಗೆದುಹಾಕಿ ಓದುತ್ತಾರೆ.

ಷೇಕ್ಸ್‌ಪಿಯರ್ ಈ ಪ್ರಶ್ನೆಯನ್ನು ನಾಟಕದ ಒಳಗೇ ಒಬ್ಬನ ಬಾಯಿಂದ ಆಡಿಸಿದ್ದಾನೆ. ಲಿಯರ್ ನಾಟಕದ ಕೊನೆಯ ದೃಶ್ಯ. ದೊರೆ ಲಿಯರ್‌ನ ಸಾಮಂತ ಗ್ಲಾಸ್ಟರ್‌ನ ಕಣ್ಣುಗಳನ್ನು ಕಿತ್ತಿದ್ದಾರೆ, ಅವನು ಸತ್ತೂ ಆಗಿದೆ. ಅವನ ಮಗ ಎಡ್ಗರ್ ಹೇಳುತ್ತಾನೆ: ದೇವತೆಗಳು ನ್ಯಾಯವಂತರು, ನಮ್ಮ ಸುಖದ ಚಟಗಳಿಂದಲೇ ನಮ್ಮನ್ನು ದಂಡಿಸುವ ಆಯುಧ ಮಾಡುತ್ತಾರೆ, ಪರಸ್ತ್ರೀಯನ್ನು ಕೂಡಿದ್ದಕ್ಕೆ ಅಪ್ಪ ಕಣ್ಣು ತೆತ್ತ. ಲೆಕ್ಕ ಸರಿಹೋಯಿತು ಎಂಬ ಧಾಟಿ. ಸ್ವಲ್ಪ ಹೊತ್ತಿನಲ್ಲಿ, ಲಿಯರ್‌ನ ಮಗಳು ಕಾರ್ಡೀಲಿಯಳನ್ನು ಕೊಲ್ಲಲು ಆಜ್ಞೆ ಹೋಗಿದೆಯೆಂದು ತಿಳಿದು ಇನ್ನೊಬ್ಬ "ದೇವತೆಗಳು ಅವಳನ್ನು ಕಾಪಾಡಲಿ" ಎನ್ನುತ್ತಾನೆ. ಆ ಮಾತು ಮುಗಿಯುತ್ತಿದ್ದಂತೆ ಲಿಯರ್ ಬರುತ್ತಾನೆ, ತೋಳುಗಳಲ್ಲಿ ಮಗಳ ಹೆಣ ಹೊತ್ತುಕೊಂಡು. ಕಾರ್ಡೀಲಿಯ ಯಾವ ಚಟಕ್ಕೆ ಸತ್ತಳು? ಎಡ್ಗರ್ ಅಲ್ಲೇ ನಿಂತಿದ್ದಾನೆ, ಆ ಮಾತನ್ನು ಮತ್ತೆ ಎತ್ತುವುದಿಲ್ಲ. ನಾಯಿಗೆ, ಕುದುರೆಗೆ, ಇಲಿಗೆ ಜೀವ ಇರುವಾಗ ನಿನಗೆ ಮಾತ್ರ ಉಸಿರೇ ಇಲ್ಲವೇಕೆ ಎಂದು ಲಿಯರ್ ಕೇಳುತ್ತಾನೆ. ಮಕ್ಕಳನ್ನು ಕಳೆದುಕೊಂಡವರೆಲ್ಲ ಬೇರೆಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಇದೇ. ಷೇಕ್ಸ್‌ಪಿಯರ್ ಉತ್ತರ ಕೊಡಲಿಲ್ಲ, ಮತ್ತು ಅದು ಅವನ ಪ್ರಾಮಾಣಿಕತೆ ಎಂದು ನಾನು ನಂಬುತ್ತೇನೆ.

ಜನರಿಗೆ ಇದು ಸಹಿಸದಾಯಿತು. 1681ರಲ್ಲಿ ನಹುಮ್ ಟೇಟ್ ಎಂಬಾತ ಅಂತ್ಯವನ್ನು ಬದಲಿಸಿದ. ಅವನ ನಾಟಕದಲ್ಲಿ ಕಾರ್ಡೀಲಿಯ ಬದುಕಿ ಎಡ್ಗರ್‌ನನ್ನು ಮದುವೆಯಾಗುತ್ತಾಳೆ, ಲಿಯರ್‌ಗೆ ರಾಜ್ಯ ಮರಳುತ್ತದೆ. ಸುಮಾರು ಒಂದೂವರೆ ಶತಮಾನ ಇಂಗ್ಲೆಂಡಿನ ರಂಗಭೂಮಿಯಲ್ಲಿ ನಡೆದದ್ದು ಹೆಚ್ಚಾಗಿ ಆ ಸುಖಾಂತವೇ. ಸ್ಯಾಮ್ಯುಯಲ್ ಜಾನ್ಸನ್‌ನಂಥ ಗಟ್ಟಿ ವಿಮರ್ಶಕನೂ, ಕಾರ್ಡೀಲಿಯಳ ಸಾವಿನಿಂದ ತನಗೆ ಎಷ್ಟು ಆಘಾತವಾಯಿತೆಂದರೆ ಷೇಕ್ಸ್‌ಪಿಯರ್‌ನ ನಾಟಕಗಳ ಸಂಪಾದಕನಾಗಿ ಕೂರುವವರೆಗೂ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಿದೆನೋ ಇಲ್ಲವೋ ಎಂದು ಬರೆದ. ಜಾನ್ಸನ್ ಬಗ್ಗೆ ನನಗೆ ಗೌರವವಿದೆ, ಅವನಿಗೆ ನಿಜವಾಗಿ ನೋವಾಗಿತ್ತು. ಟೇಟ್ ಮಾಡಿದ್ದು ಬೇರೆ. ಬದುಕು ಕೊಡದ ನ್ಯಾಯವನ್ನು ಕೊಟ್ಟಂತೆ ಮಾಡಿ ಪ್ರೇಕ್ಷಕರನ್ನು ಮನೆಗೆ ಕಳುಹಿಸಿದ.

ಬಿದ್ದವರಲ್ಲಿ ತಪ್ಪು ಹುಡುಕುವ ಹಂಬಲ ನಮಗೇಕೆ? 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಬ್ಬ ಹೆಣ್ಣುಮಗಳು ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಆಘಾತ ತಿನ್ನುವಂತೆ ನಟಿಸಿದಳು. ನೋಡುತ್ತಿದ್ದ ವಿದ್ಯಾರ್ಥಿನಿಯರು ಅದನ್ನು ನಿಜವೆಂದೇ ತಿಳಿದಿದ್ದರು. ಅವಳ ಸಂಕಟ ನಿಲ್ಲಿಸಿ ಪರಿಹಾರ ಕೊಡಿಸುವ ಅವಕಾಶ ಸಿಕ್ಕವರು ಅವಳನ್ನು ಅಷ್ಟಾಗಿ ಹೀಗಳೆಯಲಿಲ್ಲ. ಸಂಕಟ ಇನ್ನೂ ಮುಂದುವರಿಯುತ್ತದೆ, ತಾವೇನೂ ಮಾಡುವಂತಿಲ್ಲ ಎಂದು ತಿಳಿದವರು ಅವಳನ್ನೇ ಕೀಳಾಗಿ ಕಂಡರು. ಅವಳಿಗೆ ಹೀಗಾಗಿದೆಯೆಂದರೆ ಅವಳಲ್ಲೇ ಏನೋ ಐಬು ಇರಬೇಕು ಎಂಬ ತರ್ಕ. ಇದರ ಹಿಂದಿರುವುದು ಭಯ. ಅವನು ತಪ್ಪಿನಿಂದ ಸತ್ತನೆಂದಾದರೆ ತಪ್ಪು ಮಾಡದ ನಾನು ಬದುಕುತ್ತೇನೆ. ಸಾವಿನ ಮನೆಯಲ್ಲಿ "ಮೊದಲೇ ತೋರಿಸಬೇಕಿತ್ತು" ಎನ್ನುವವರು ಹೇಳಿಕೊಳ್ಳುತ್ತಿರುವ ಸಮಾಧಾನ ತಮಗೇ. ಅದರ ಬೆಲೆ ತೆರುವವರು ಮಾತ್ರ ಮೂಲೆಯಲ್ಲಿ ಕುಳಿತ ಹೆಂಡತಿ, ತಾಯಿ.

ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವವನು ಅಥೆನ್ಸಿನ ಸೇನಾಪತಿ ನಿಸಿಯಸ್. ಕ್ರಿ.ಪೂ. 415ರಲ್ಲಿ ಸಿಸಿಲಿಯ ಮೇಲೆ ದಂಡೆತ್ತಿ ಹೋಗಬೇಕೆಂದು ಜನಸಭೆ ಹಟ ಹಿಡಿದಾಗ ಬೇಡವೆಂದವನು ಅವನು. ಜನ ಹೆದರಿ ಹಿಂದೆ ಸರಿಯಲಿ ಎಂದು ಇದಕ್ಕೆ ಭಾರಿ ಸೈನ್ಯ ಬೇಕಾಗುತ್ತದೆ ಅಂದ. ಅವರು ಅಷ್ಟನ್ನೂ ಮಂಜೂರು ಮಾಡಿ ಅವನನ್ನೂ ಸೇನಾಪತಿಯಾಗಿ ಕಳುಹಿಸಿದರು. ಅಲ್ಲಿ ಮೂತ್ರಪಿಂಡದ ಕಾಯಿಲೆ ಹತ್ತಿತು. ನನ್ನನ್ನು ಬಿಡುಗಡೆ ಮಾಡಿ ಎಂದು ಪತ್ರ ಬರೆದ, ಒಪ್ಪಲಿಲ್ಲ. ಕ್ರಿ.ಪೂ. 413ರ ಆಗಸ್ಟಿನಲ್ಲಿ, ಇನ್ನೇನು ಹಡಗು ಹತ್ತಿ ಪಾರಾಗಬೇಕು ಎನ್ನುವಾಗ ಚಂದ್ರಗ್ರಹಣವಾಯಿತು. ಜೋಯಿಸರು ಮೂರು ಸಲ ಒಂಬತ್ತು ದಿನ ಕಾಯಬೇಕೆಂದರು, ನಿಸಿಯಸ್ ಕಾದ. ಸೈನ್ಯ ನಾಶವಾಯಿತು, ಅವನನ್ನು ಕೊಂದರು, 7,000ಕ್ಕೆ ಕಡಿಮೆಯಿಲ್ಲದಷ್ಟು ಸೆರೆಯಾಳುಗಳನ್ನು ಸಿರಾಕ್ಯೂಸ್‌ನ ಕಲ್ಲುಗಣಿಗಳಲ್ಲಿ ಕೂಡಿಹಾಕಿದರು. ಇಲ್ಲಿ ತಪ್ಪುನಡೆ ಕಣ್ಣಿಗೆ ಹೊಡೆಯುವಂತಿದೆ. ಆದರೆ ಗ್ರಹಣ ಕಂಡು ನಿಲ್ಲೋಣವೆಂದು ಒತ್ತಾಯಿಸಿದವರಲ್ಲಿ ಸೈನಿಕರಲ್ಲೇ ಹೆಚ್ಚಿನವರಿದ್ದರು. ಶಕುನದ ಮೇಲೆ ನಿಸಿಯಸ್‌ಗಿದ್ದ ಅತಿನಂಬಿಕೆಯನ್ನು ಎತ್ತಿ ಹೇಳಿದ ಅದೇ ಕಾಲದ ಚರಿತ್ರಕಾರ ಥುಸಿಡಿಡಿಸ್ ಕೂಡ, ತನ್ನ ಕಾಲದ ಗ್ರೀಕರಲ್ಲಿ ಇಂಥ ಅಂತ್ಯಕ್ಕೆ ಎಲ್ಲರಿಗಿಂತ ಕಡಿಮೆ ಅರ್ಹನಾಗಿದ್ದವನು ಇವನೇ ಎಂದು ಬರೆದ. ತಪ್ಪನ್ನೂ ಹೇಳಿದ, ಸಲ್ಲದ ಸಾವು ಎಂದೂ ಹೇಳಿದ. ಎರಡನ್ನೂ ಒಟ್ಟಿಗೆ ಹೇಳುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆ ಸೆರೆಯಾಳುಗಳಲ್ಲಿ ಕೆಲವರು ಯೂರಿಪಿಡಿಸ್‌ನ ದುರಂತ ನಾಟಕಗಳ ಸಾಲುಗಳನ್ನು ಹೇಳಿಕೊಟ್ಟು ಬಿಡುಗಡೆ ಪಡೆದು, ಊರಿಗೆ ಮರಳಿ ಆ ಕವಿಗೆ ಕೃತಜ್ಞತೆ ಹೇಳಿದರೆಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ.

ತಪ್ಪು ಯಾರದೆಂದು ಕೇಳಲೇಬಾರದೇ ಎಂದರೆ, ಕೇಳಲೇಬೇಕು. ಹೇಗೆ ಎಂಬುದಕ್ಕೆ ಟೈಟಾನಿಕ್ ಹಡಗನ್ನು ನೆನೆಯಿರಿ. 1912ರ ಆ ದುರ್ಘಟನೆಯನ್ನು ಇಂದಿಗೂ ಮನುಷ್ಯನ ಗರ್ವಭಂಗದ ಕಥೆಯಾಗಿ ಹೇಳುತ್ತಾರೆ: ಮುಳುಗದ ಹಡಗು ಎಂದು ಬೀಗಿದರು, ಮುಳುಗಿದರು. ಸತ್ತ ಸುಮಾರು 1,500 ಜನರಲ್ಲಿ ಕೆಳಗಿನ ದರ್ಜೆಯಲ್ಲಿ ಮಲಗಿದ್ದ ವಲಸೆಗಾರ ಕುಟುಂಬಗಳಿದ್ದವು, ಕಲ್ಲಿದ್ದಲು ತುಂಬುವ ಕೂಲಿಗಳಿದ್ದರು. ಅವರಿಗೆ ಯಾವ ಗರ್ವವಿತ್ತು? ಗರ್ವದ ಕಥೆ ಹೇಳಿದವರು ಅಲ್ಲಿಗೇ ನಿಂತರು. ವಿಚಾರಣೆ ಮಾಡಿದವರು ದೋಣಿಗಳನ್ನು ಎಣಿಸಿದರು. 2,200ರಷ್ಟು ಜನರಿದ್ದ ಹಡಗಿನ ಜೀವರಕ್ಷಕ ದೋಣಿಗಳಲ್ಲಿ 1,178 ಜನರಿಗೆ ಮಾತ್ರ ಜಾಗವಿತ್ತು. ಅಂದಿನ ಕಾನೂನು ಕೇಳುತ್ತಿದ್ದುದು ಅದಕ್ಕಿಂತಲೂ ಕಡಿಮೆ. ಹಿಮಗಡ್ಡೆಗಳ ಎಚ್ಚರಿಕೆ ಬಂದರೂ ವೇಗ ತಗ್ಗಿಸದೆ ಕ್ಯಾಪ್ಟನ್ ಸ್ಮಿತ್ ಘೋರ ತಪ್ಪು ಮಾಡಿದರು, ಆದರೆ ಅವರ ಸ್ಥಾನದಲ್ಲಿದ್ದ ಬೇರೆ ನುರಿತವರೂ ಅದನ್ನೇ ಮಾಡುತ್ತಿದ್ದರು ಎಂದಿತು ಬ್ರಿಟಿಷ್ ವಿಚಾರಣೆ. 1914ರಲ್ಲಿ ಹಡಗಿನಲ್ಲಿರುವ ಎಲ್ಲರಿಗೂ ದೋಣಿ ಇರಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. ಇಂಥ ವಿಚಾರಣೆಯಿಂದ ಮುಂದೆ ಜೀವ ಉಳಿಯುತ್ತದೆ. ಸಾವಿನ ಮನೆಯಲ್ಲಿ ನಾವು ನಡೆಸುವ ವಿಚಾರಣೆಯಿಂದ ಯಾವ ಜೀವವೂ ಉಳಿಯುವುದಿಲ್ಲ.

ಇನ್ನು ತಪ್ಪು ನಿಜವಾಗಿಯೂ ಮಾಡಿದವರು. ಇಲ್ಲಿ ನಮ್ಮ ರನ್ನನ ಬಳಿ ಹೋಗಬೇಕು. ಅವನ ದುರ್ಯೋಧನನ ಕೈ ಶುದ್ಧವಿಲ್ಲ. ದ್ಯೂತ, ದ್ರೌಪದಿಯ ಅವಮಾನ, ಸಂಧಿಯನ್ನು ಒದ್ದ ಹಟ, ಯಾವುದನ್ನೂ ರನ್ನ ಮುಚ್ಚಿಡುವುದಿಲ್ಲ. ಅವನ ಕಾವ್ಯ ಹೊಗಳುವುದು ಭೀಮನನ್ನು. ಆದರೂ ಆ ಕವಿ ದುರ್ಯೋಧನನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು, ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನನಗೆ ಸಿಗಲಿ ಎಂದು ಬೇಡುತ್ತಾನೆ. ತನ್ನ ಮಗ ಲಕ್ಷಣಕುಮಾರನ ಹೆಣದ ಮುಂದೆ ಆಡುವ ಮಾತು ಇದು:

"ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ..."

ತಂದೆಗೆ ಮಗ ತರ್ಪಣ ಕೊಡುವುದು ಸರಿಯಾದ ಕ್ರಮ. ಈಗ ನಿನಗೆ ನಾನು ಕೊಡುವಂತಾಯಿತೇ, ಮಗನೇ, ಕ್ರಮವನ್ನೇ ತಿರುಗುಮುರುಗು ಮಾಡಿದೆಯಲ್ಲ ಎನ್ನುತ್ತಾನೆ. ಈ ಯುದ್ಧ ತಂದವನು ನೀನೇ ಅಲ್ಲವೇ ಎಂದು ಆ ಗಳಿಗೆಯಲ್ಲಿ ಯಾರಾದರೂ ಕೇಳಬಹುದಿತ್ತು. ಕೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ರನ್ನ ಕೇಳಲಿಲ್ಲ. ತಪ್ಪಿತಸ್ಥನಿಗೂ ಅಳುವ ಹಕ್ಕಿದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆ ಕನ್ನಡದ ಕವಿಯೊಬ್ಬ ಇಷ್ಟು ಘನತೆಯಿಂದ ತೋರಿಸಿದ್ದಾನೆ. ನಾವಿನ್ನೂ ನಿದ್ದೆ ತೂಗಿ ಅಪಘಾತ ಮಾಡಿಕೊಂಡ ಚಾಲಕನ ಮನೆಯವರನ್ನು ಮಾತಾಡಿಸಲು ಹಿಂಜರಿಯುತ್ತೇವೆ.

ಬದುಕಿಗೂ ನಾಟಕಕ್ಕೂ ವ್ಯತ್ಯಾಸವಿಲ್ಲ ಎನ್ನುತ್ತಿಲ್ಲ. ನಾಟಕದಲ್ಲಿ ಬಿದ್ದವನಿಗೆ ಕೊನೆಗೆ ಎಲ್ಲ ತಿಳಿಯುತ್ತದೆ, ಹೇಳಿಕೊಳ್ಳಲು ಮಾತು ಸಿಗುತ್ತದೆ, ಕೇಳಲು ಮೇಳದವರಿರುತ್ತಾರೆ. ನಿಜವಾದ ಸಾವುಗಳಲ್ಲಿ ಹೆಚ್ಚಿನವು ವಾಕ್ಯದ ನಡುವೆಯೇ ಬರುತ್ತವೆ. ಉಳಿದವರಿಗೆ ಕಾರಣ ತಿಳಿಯುವುದಿಲ್ಲ, ತಿಳಿದರೂ ಅದು ಅವರ ನೋವಿನ ಅಳತೆಗೆ ಎಟುಕುವುದಿಲ್ಲ. ಅದಕ್ಕೇ ಮೇಳದವರ ಕೆಲಸ ಬದುಕಿನಲ್ಲಿ ಇನ್ನೂ ಹೆಚ್ಚು ಬೇಕು. ಕಣ್ಣು ಕಿತ್ತುಕೊಂಡು ಹೊರಬಂದ ಈಡಿಪಸ್‌ನನ್ನು ಕಂಡು ಮೇಳದವರಾದ ಥೀಬ್ಸಿನ ಮುದುಕರು, ನಿನ್ನನ್ನು ನೋಡಲೂ ಆಗುತ್ತಿಲ್ಲ ಎನ್ನುತ್ತಾರೆ. ಆದರೆ ಬಿಟ್ಟು ಹೋಗುವುದಿಲ್ಲ. ಗೆಳೆಯಾ, ನೀನಿನ್ನೂ ನನ್ನ ಜೊತೆಗಿದ್ದೀಯಲ್ಲ ಎಂದು ಅವನು ಗುರುತಿಸುತ್ತಾನೆ.

ಪ್ರಶ್ನೆ ಕೇಳಿದವರಿಗೆ ಸೊಫೊಕ್ಲಿಸ್ ತೊಂಬತ್ತರ ವಯಸ್ಸಿನ ಹೊತ್ತಿಗೆ ಬರೆದ ಕೊನೆಯ ನಾಟಕ 'ಈಡಿಪಸ್ ಅಟ್ ಕೊಲೊನಸ್' ಅನ್ನು ಓದಲು ಹೇಳುತ್ತೇನೆ. ಅವನು ಸತ್ತ ಮೇಲೆ, ಕ್ರಿ.ಪೂ. 401ರಲ್ಲಿ ಮೊಮ್ಮಗ ಅದನ್ನು ರಂಗಕ್ಕೆ ತಂದ. ಅದರಲ್ಲಿ ಕುರುಡ ಈಡಿಪಸ್ ಮಗಳ ಕೈಹಿಡಿದು ಅಲೆಯುತ್ತ ಅಥೆನ್ಸಿನ ಅಂಚಿನ ಕೊಲೊನಸ್‌ಗೆ ಬರುತ್ತಾನೆ. ಅಲ್ಲಿನ ದೊರೆ ಥೀಸಿಯಸ್‌ಗೆ ಅವನ ಕಥೆಯೆಲ್ಲ ಗೊತ್ತು. ನಾನೂ ಪರದೇಶಿಯಾಗಿ ಬೆಳೆದವನು ಎಂದು ಹೇಳಿ, ನಿನಗೇನು ಬೇಕು ಎಂದಷ್ಟೇ ಕೇಳುತ್ತಾನೆ. ಹಿಂದೆಯೇ ಬಂದ ಜೊಕಾಸ್ಟಳ ತಮ್ಮ ಕ್ರೆಯಾನ್ ತಂದೆಯನ್ನು ಕೊಂದವನೆಂದು ಎಲ್ಲರ ಮುಂದೆ ಹೀಗಳೆದಾಗ ಈಡಿಪಸ್ ತಾನೇ ಉತ್ತರಿಸುತ್ತಾನೆ: ಈಗ, ಇಲ್ಲೇ, ಯಾರಾದರೂ ನಿನ್ನನ್ನು ಕೊಲ್ಲಲು ಬಂದರೆ, ನೀನು ನನ್ನ ತಂದೆಯೇ ಎಂದು ಮೊದಲು ವಿಚಾರಿಸುತ್ತೀಯೋ, ಕೂಡಲೇ ತಿರುಗಿ ಹೊಡೆಯುತ್ತೀಯೋ? ಕ್ರೆಯಾನ್ ಇದಕ್ಕೆ ಉತ್ತರ ಕೊಡುವುದಿಲ್ಲ.