ರಾಣಿ ಬಾಗ್ ಲಾಗ್: ಪಂಜರದ ಹೊರಗಿನವು ಮಾತ್ರ

ಹೋದ ಮಳೆಗಾಲದಿಂದ ನಡೀತಿರೋ ನನ್ನ ರಾಣಿ ಬಾಗ್ ಪ್ರಾಜೆಕ್ಟಿಗೆ ಏಪ್ರಿಲ್ ಮೊದಲ ವಾರದ ಅಪ್ಡೇಟ್ ಇದು. ಹೊಸದಾಗಿ ಓದ್ತಿರೋರಿಗೆ ಹೇಳೋದಾದ್ರೆ, ಮುಂಬೈನ ಬೈಕಲಾದ ರಾಣಿ ಬಾಗ್ ಅಂದ್ರೆ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ, ಅಲ್ಲಿಗೆ ಜನ ಬರೋದು ಪೆಂಗ್ವಿನ್ ನೋಡೋಕೆ, ಹುಲಿ ನೋಡೋಕೆ. ನಾನು ತೆಗೆಯೋದು ಯಾವ ಪಂಜರದಲ್ಲೂ ಇಲ್ಲದ, ತಾವಾಗೇ ಬಂದು ಆ ಮರಗಳಲ್ಲಿ ಸಂಸಾರ ಹೂಡಿರೋ ಜೀವಿಗಳ ಫೋಟೋ. ಹೆಸರಿನ ಬೋರ್ಡ್ ಇರೋ ಪ್ರಾಣಿ ನನ್ನ ಲಿಸ್ಟಿಗೆ ಸೇರಲ್ಲ, ಅಷ್ಟೇ ರೂಲ್. 1862ರಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಅಂತ ಶುರುವಾದಾಗ ಇದು ಬರೀ ಗಿಡಮರದ ತೋಟ, ಪ್ರಾಣಿಗಳನ್ನ ತಂದಿಟ್ಟಿದ್ದು ಎಷ್ಟೋ ವರ್ಷ ಆದಮೇಲೆ. ಅದಕ್ಕೇ ನನಗೆ ಈ ಜಾಗದ ಅಸಲಿ ಸಂಪತ್ತು ಮರಗಳೇ ಅನ್ಸುತ್ತೆ, ಮತ್ತೆ ಆ ಮರಗಳನ್ನ ನಂಬ್ಕೊಂಡು ಬಂದವು.

ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಟ್ರೈನ್ ಹಿಡಿದು ಬೈಕಲಾ ಇಳಿದು ಈಸ್ಟ್ ಕಡೆ ನಡ್ಕೊಂಡು ಹೋದ್ರೆ ಗೇಟ್. ಬುಧವಾರ ರಜೆ, ಮಿಕ್ಕ ದಿನ ನಮ್ಮಂಥ ಟಿಕೆಟ್‌ನೋರಿಗೆ ಬಾಗಿಲು ತೆಗೆಯೋದು ಬೆಳಿಗ್ಗೆ ಒಂಬತ್ತೂವರೆಗೆ. ಹಕ್ಕಿ ಫೋಟೋ ತೆಗೆಯೋರಿಗೆ ಇದೇ ದೊಡ್ಡ ತೊಂದರೆ, ಅಷ್ಟೊತ್ತಿಗೆ ಹಕ್ಕಿಗಳ ಬೆಳಗಿನ ಓಡಾಟ ಮುಗಿದಿರುತ್ತೆ, ಏಪ್ರಿಲ್ ಬಿಸಿಲು ನೆತ್ತಿಗೆ ಬರ್ತಿರುತ್ತೆ, ನೆರಳೆಲ್ಲ ಕಡುಕಪ್ಪು. ಹಾಗಾಗಿ ಈ ಸಲ ಹಗಲಲ್ಲಿ ಒಂದೇ ಕಡೆ ಇರೋದನ್ನೇ ಹಿಡಿಯೋಣ ಅಂತ ಸೀದಾ ಬಾವಲಿ ಮರಗಳ ಹತ್ರ ಹೋದೆ.

ಇವು ದೊಡ್ಡ ಹಣ್ಣು ಬಾವಲಿ, ಇಂಡಿಯನ್ ಫ್ಲೈಯಿಂಗ್ ಫಾಕ್ಸ್. ರೆಕ್ಕೆ ಬಿಚ್ಚಿದ್ರೆ ಒಂದು ಮೀಟರಿಗಿಂತ ಅಗಲ. ಹಗಲೆಲ್ಲಾ ಮಲಗಿರುತ್ವೆ ಅನ್ನೋದು ನಮ್ಮ ಕಲ್ಪನೆ ಅಷ್ಟೇ, ಕೆಳಗೆ ಅರ್ಧ ಗಂಟೆ ಕೂತು ನೋಡಿ, ಕಚ್ಚಾಟ, ಜಾಗಕ್ಕೆ ಜಗಳ, ಕಿರುಚಾಟ, ಮೈ ಕೆರ್ಕೊಳ್ಳೋದು, ಮೇಲೆ ಪೂರಾ ಒಂದು ಊರೇ ನಡೀತಿರುತ್ತೆ. ಬಿಸಿಲು ಏರಿದ ಹಾಗೆ ಒಂದೊಂದೇ ರೆಕ್ಕೆ ಬೀಸ್ಕೊಳ್ಳೋಕೆ ಶುರು ಮಾಡ್ತವೆ. ಹಾರೋಕಲ್ಲ, ಗಾಳಿ ಹಾಕ್ಕೊಳ್ಳೋಕೆ. ರೆಕ್ಕೆ ಎದೆ ಎಲ್ಲಾ ನೆಕ್ಕಿ ಒದ್ದೆ ಮಾಡ್ಕೊಂಡು ಆಮೇಲೆ ಬೀಸ್ತವೆ, ಎಂಜಲು ಆರುವಾಗ ಮೈ ತಂಪಾಗುತ್ತೆ.

ನನಗೆ ಬೇಕಿದ್ದಿದ್ದು ಇದೇ ಫ್ರೇಮು. ಬಾವಲಿ ಹಿಂದೆ ಬೆಳ್ಳಗಿನ ಆಕಾಶ ಇದ್ದಾಗ ಕ್ಯಾಮೆರಾ ಆಕಾಶ ನೋಡಿ ಎಕ್ಸ್‌ಪೋಷರ್ ಇಳಿಸಿಬಿಡುತ್ತೆ, ಸಿಗೋದು ಬರೀ ಕಪ್ಪು ಆಕಾರ. ಸ್ಪಾಟ್ ಮೀಟರಿಂಗಿಗೆ ಹಾಕಿ ರೆಕ್ಕೆ ಮೇಲೇ ಅಳತೆ ತಗೊಂಡೆ, ಆಕಾಶ ಸುಟ್ಟು ಬಿಳಿಯಾದ್ರೆ ಆಗ್ಲಿ ಅಂತ ಬಿಟ್ಟೆ. 300 ಎಂಎಂ ಲೆನ್ಸು, ಶಟರ್ ಸ್ಪೀಡ್ ಸೆಕೆಂಡಿನ 1/800. ಒಂದು ಹೆಣ್ಣು ರೆಕ್ಕೆ ಬಿಚ್ಚಿದಾಗ ಹಿಂದಿನ ಬಿಸಿಲು ಆ ತೆಳು ಚರ್ಮದಲ್ಲಿ ಹಾದು ಬಂದು ಇಡೀ ರೆಕ್ಕೆ ಕಂದುಗೆಂಪಾಗಿ ಹೊಳೀತು, ಒಳಗೆ ಬೆರಳಿನ ಮೂಳೆಗಳು ಒಂದೊಂದಾಗಿ ಕಾಣ್ತಿದ್ವು, ನಮ್ಮ ಕೈಲಿರೋವೇ ಬೆರಳು, ಉದ್ದ ಎಳೆದು ಚರ್ಮ ಹೊದಿಸಿದ್ದು. ಹೆಬ್ಬೆರಳು ಮಾತ್ರ ಹೊರಗೆ, ತುದೀಲಿ ಕೊಕ್ಕೆ ಉಗುರು. ಆ ರೆಕ್ಕೆ ಮಡಚೋವಾಗ ಎದೆ ಹತ್ರ ಇನ್ನೊಂದು ತಲೆ ಹೊರಗೆ ಬಂತು, ಮರಿ! ನಾಯಿಮರಿ ಥರದ ಮುಖ, ಕಣ್ಣು ಪೂರಾ ತೆರೆದು ಸೀದಾ ಕೆಳಗೆ ನನ್ನ ಕಡೆನೇ ನೋಡ್ತಿತ್ತು. ಒಂದು ಸಲಕ್ಕೆ ಒಂದೇ ಮರಿ ಇವಕ್ಕೆ, ಅವ್ವ ಅದನ್ನ ಎದೆಗೆ ಕಚ್ಚಿಸ್ಕೊಂಡೇ ಇರ್ತಾಳೆ. ಈ ಪ್ರಾಜೆಕ್ಟಲ್ಲಿ ಇಲ್ಲೀವರೆಗೆ ತೆಗೆದಿದ್ರಲ್ಲಿ ನನಗೆ ಅತಿ ಇಷ್ಟದ ಫೋಟೋ ಇದು.

ಇದನ್ನ ತೆಗೀತಿರೋವಾಗ್ಲೇ ಒಂದು ಹುಡುಗರ ಗುಂಪು ಬಂದು ರೀಲಿಗೋಸ್ಕರ ಬಾವಲಿ ಹಾರಿಸ್ಬೇಕು ಅಂತ ಚಪ್ಪಾಳೆ ಹೊಡೆಯೋಕೆ ಶುರು ಮಾಡಿದ್ರು. ದಯವಿಟ್ಟು ಇದನ್ನ ಮಾಡ್ಬೇಡಿ. ಈ ಸೆಕೆಗೆ ಮರಿ ಹೊತ್ಕೊಂಡು ಹಾರಬೇಕಂದ್ರೆ ಆ ತಾಯಿಗೆ ಎಷ್ಟು ಕಷ್ಟ, ಮರಿ ಕೈತಪ್ಪಿ ಬಿದ್ರೆ ಮುಗೀತು. ನಾನು ಹೋಗಿ ಕ್ಯಾಮೆರಾ ಸ್ಕ್ರೀನಲ್ಲಿ ಆ ಮರೀನೇ ಝೂಮ್ ಮಾಡಿ ತೋರಿಸ್ದೆ, ಸುಮ್ನಾದ್ರು, ಒಬ್ಬ ಹುಡುಗ ಫೋಟೋ ಕಳಿಸಿ ಅಂಕಲ್ ಅಂತ ನಂಬರ್ ಕೊಟ್ಟ. ಬಾವಲಿ ಅಂದ್ರೆ ಅಪಶಕುನ, ರೋಗ ಅನ್ನೋದೇ ತಲೇಲಿ ಕೂತಿದೆ ನಮ್ಮ ಜನಕ್ಕೆ. 1972ರ ವನ್ಯಜೀವಿ ಕಾಯ್ದೇಲೇ ಹಣ್ಣು ಬಾವಲೀನ ಕಾಗೆ, ಇಲಿ ಜೊತೆ ಪೀಡೆ ಪ್ರಾಣಿಗಳ ಪಟ್ಟಿಗೆ ಹಾಕಿದ್ರು, 2022ರ ತಿದ್ದುಪಡೀಲಿ ಆ ಪಟ್ಟೀನೇ ತೆಗೆದುಹಾಕಿದ್ದು. ಆಲ, ಅತ್ತಿ ಬೀಜ ಊರೆಲ್ಲಾ ಬಿತ್ತೋವು ಇವೇ.

ಆ ಗದ್ದಲ ಮುಗಿಯೋದನ್ನ ನೋಡ್ತಿದ್ದ ಒಬ್ಬ ವಯಸ್ಸಾದ ಮಾಲಿ ಹತ್ರ ಬಂದ್ರು. ಫೋನಲ್ಲಿ ನಾನು ಮನೆಯವಳ ಜೊತೆ ಕನ್ನಡ ಮಾತಾಡಿದ್ದು ಕೇಳಿಸ್ಕೊಂಡಿದ್ರು ಅನ್ಸುತ್ತೆ, "ಸಾಹೇಬ್ರ ಯಾವೂರವ್ರಿ?" ಅಂದ್ರು. ಅವರು ಅಕ್ಕಲಕೋಟದ ಕಡೆಯವರಂತೆ. "ಬರೇ ತೊಗಲಬಾವಲಿ ತಗದ್ರ ಏನ್ ಬಂತ್ರಿ, ಬರ್ರಿಲ್ಲೆ ಒಂದ್ ತೋರಸ್ತೀನಿ" ಅಂತ ಕರ್ಕೊಂಡು ಹೋಗಿ ಮಳೆಮರದ ಒಂದು ಒಣ ಕೊಂಬೆ ತೋರಿಸಿದ್ರು. ಕೊಂಬೆ ಕೆಳಮೈಲಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ತೂತು. ಚಿಟ್ಟುಕುಟುರದ, ಅಂದ್ರೆ ಕಾಪರ್‌ಸ್ಮಿತ್ ಬಾರ್ಬೆಟ್ ಹಕ್ಕಿಯ ಗೂಡು! ಟಂಕ್ ಟಂಕ್ ಅಂತ ಕೂಗೋದನ್ನ ದಿನಾ ಕೇಳ್ತೀವಿ, ಗೂಡು ಸಿಗೋದು ಕಷ್ಟ. ತೂತು ಕೆಳಮೈಲಿ ಇದ್ರೆ ಮಳೆ ನೀರು ಒಳಗೆ ಹೋಗಲ್ಲ, ಮತ್ತೆ ಒಣ ಕೊಂಬೆ ಆಗಿದ್ರೇನೇ ಈ ಪುಟ್ಟ ಹಕ್ಕಿ ಕೊಕ್ಕಲ್ಲಿ ಕೊರೆಯೋಕಾಗೋದು. ಕಾಕಾ ಹೇಳಿದ್ರು, ಜನರ ತಲೆ ಮೇಲೆ ಬೀಳೋ ಹಾಗಿದ್ರೆ ಮಾತ್ರ ಕಡೀಬೇಕ್ರಿ, ಇಲ್ಲಾಂದ್ರ ಒಣಾ ಟೊಂಗಿ ಹಂಗೇ ಬಿಡಬೇಕ್ರಿ ಅಂತ. ನೂರಕ್ಕೆ ನೂರು ನಿಜ. ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಒಣಗಿದ್ದು ಕಂಡ ತಕ್ಷಣ ಬೋಳಿಸಿಬಿಡ್ತಾರೆ. ಗೂಡಿನ ಫೋಟೋ ದೂರದಿಂದ ಎರಡು ತಗೊಂಡು ಜಾಗ ಖಾಲಿ ಮಾಡ್ದೆ, ಹಕ್ಕಿ ಬಾಯಲ್ಲಿ ಹಣ್ಣು ಇಟ್ಕೊಂಡು ಪಕ್ಕದ ಮರದಲ್ಲಿ ಕಾಯ್ತಿತ್ತು.

ಮಿಕ್ಕಿದ್ದು ಬೇಗ ಬೇಗ ಹೇಳ್ತೀನಿ. ನೀರಿನ ಹತ್ರದ ಮರಗಳಲ್ಲಿ ಇರುಳು ಬಕ, ಕೆಂಪು ಕಣ್ಣು ಶಾರ್ಪಾಗಿ ಬಂದಿದೆ, ಚುಕ್ಕೆಚುಕ್ಕೆ ಕಂದು ಮರಿ ಬಕ ಇನ್ನೂ ಬಾಕಿ. ಗೇಟ್ ಪಕ್ಕದ ಮ್ಯೂಸಿಯಂ ಹತ್ರ ಘಾರಾಪುರಿ, ಅಂದ್ರೆ ಎಲಿಫೆಂಟಾ ದ್ವೀಪದಿಂದ ತಂದ ಕಲ್ಲಾನೆ ಇದೆಯಲ್ಲ, 1864ರಲ್ಲಿ ಇಂಗ್ಲೆಂಡಿಗೆ ಸಾಗಿಸೋಕೆ ಹೋಗಿ ಒಡೆದುಹೋಗಿದ್ದು, ಅದರ ಬೆನ್ನ ಮೇಲೆ ಜೋಡಿ ಮೈನಾ ಕೂತಿತ್ತು, ಅದೂ ಲಿಸ್ಟಿಗೆ. ಸಾಲಾಗಿ ನೆಟ್ಟಿರೋ ಉದ್ದನೆ ಅಶೋಕದ ಸುತ್ತ ಟೈಲ್ಡ್ ಜೇ ಚಿಟ್ಟೆ, ಕಪ್ಪು ಮೈ ಮೇಲೆ ಹಸಿರು ಚುಕ್ಕೆ, ಅದರ ಹುಳ ತಿನ್ನೋದು ಈ ಅಶೋಕದ ಎಲೇನೇ. ಹೂವಿನ ಮೇಲೆ ಕೂತಾಗ್ಲೂ ರೆಕ್ಕೆ ಬಡಿಯೋದು ನಿಲ್ಲಿಸಲ್ಲ, ಶಟರ್ 1/2000 ಇಟ್ರೂ ಅಂಚು ಅಲುಗಿದೆ, ಇನ್ನೂ ಮೇಲೆ ಹೋಗ್ಬೇಕು. ಮಹಾರಾಷ್ಟ್ರದ ರಾಜ್ಯಪಕ್ಷಿ ಹರಿಯಲ್, ಹಳದಿ ಕಾಲಿನ ಹಸಿರು ಪಾರಿವಾಳ, ಈ ಸಲವೂ ಕಾಣ್ಲಿಲ್ಲ, ಆಲದ ಹಣ್ಣು ಕೆಂಪಾದ ಮೇಲೆ ಮೊದಲು ಅಲ್ಲೇ ಹೋಗಿ ನಿಲ್ಲೋದು.

ಸಂಜೆ ಆರಕ್ಕೆಲ್ಲಾ ಹೊರಗೆ ಕಳಿಸ್ತಾರೆ, ಬಾವಲಿ ಏಳೋದು ಸೂರ್ಯ ಮುಳುಗಿದ ಮೇಲೆ, ಅಂಬೇಡ್ಕರ್ ರೋಡಿನ ಫುಟ್‌ಪಾತಲ್ಲೇ ನಿಂತು ಕಾದೆ. ಐಎಸ್‌ಒ 3200ರಲ್ಲಿ, ಅಂದ್ರೆ ಮಬ್ಬು ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಏರಿಸಿ ತೆಗೆದಿದ್ದು, ಗ್ರೇನ್ ಜಾಸ್ತಿ, ಆದ್ರೂ ಬಸ್ಸು ಟ್ಯಾಕ್ಸಿ ಮೇಲೆ ಸಾಲುಸಾಲಾಗಿ ಹೋಗ್ತಿರೋದು ಚೆನ್ನಾಗಿ ಬಂದಿದೆ.

ಮುಂದಿನ ಪ್ಲಾನ್ ಗೋರಖ್ ಇಮ್ಲಿ, ಅಂದ್ರೆ ಬಾವೊಬಾಬ್ ಮರ. ನಮ್ಮನೆಯವಳ ತವರು ಸವಣೂರು, ಅಲ್ಲಿ ದೊಡ್ಡಹುಣಸೆ ಅಂತ ಮೂರು ಹಳೇ ಮರ ಪ್ರಸಿದ್ಧ, ಹಾಗಾಗಿ ಇಲ್ಲಿ ಇದನ್ನ ಕಂಡ್ರೆ ನಮ್ಮವರನ್ನ ಕಂಡಷ್ಟು ಖುಷಿ. ಈಗ ಎಲೆ ಇಲ್ದೆ ಬೋಳಾಗಿ ನಿಂತಿದೆ, ಹೂ ಬಿಡೋದು ಮಳೆಗಾಲದಲ್ಲಿ, ಅರಳೋದು ರಾತ್ರಿ, ಆಫ್ರಿಕಾದಲ್ಲಿ ಪರಾಗ ಹೊರೋವು ಹಣ್ಣು ಬಾವಲಿಗಳೇ. ರಾತ್ರಿ ಒಳಗೆ ಬಿಡಲ್ಲ, ಆದ್ರೆ ಹೂ ಒಂದೇ ದಿನಕ್ಕೆ ಉದುರುತ್ತೆ, ಜುಲೈಯಲ್ಲಿ ಗೇಟ್ ತೆಗೆದ ತಕ್ಷಣ ಹೋಗಿ ಮರದ ಕೆಳಗೆ ನೋಡ್ಬೇಕು. ಹೋದ ವರ್ಷ ಅಲ್ಲಿ ಯಾರಾದ್ರೂ ಬಿದ್ದ ಹೂ ನೋಡಿದ್ರೆ ಯಾವ ವಾರ ಅಂತ ತಿಳಿಸಿ, ಅದನ್ನ ನೋಡ್ಕೊಂಡು ರಜೆ ಹಾಕ್ತೀನಿ.