ಆರು ಮಂದಿಯ ಊಟಕ್ಕೆ ವೈನ್ ಜೋಡಣೆ: ಕೆಲಸ ಎಲ್ಲಿಗೆ ಬಂತು

ಮೆನು ಗಟ್ಟಿಯಾಯಿತು. ಮೊದಲು ಆಡಿನ ಹಾಲಿನ ಚೀಸ್ ಉದುರಿಸಿದ ಹಸಿರೆಲೆ ಸಲಾಡ್, ಆಮೇಲೆ ಓವನ್ನಿನಲ್ಲಿ ಬೇಯಿಸಿದ ಇಡೀ ಕೋಳಿ ಮತ್ತು ಅಣಬೆ–ಕ್ರೀಮ್ ಸಾಸ್, ಕೊನೆಗೆ ನಿಂಬೆ ಟಾರ್ಟ್. ಕೋಳಿಗೆ ಯಾವ ವೈನ್ ಎಂದು ಕೇಳುವುದಕ್ಕಿಂತ ಸಾಸಿಗೆ ಯಾವುದು ಎಂದು ಕೇಳುವುದೇ ಸರಿ. ನಾಲಿಗೆಗೆ ಮೊದಲು ತಾಗುವುದು ಸಾಸಿನ ಉಪ್ಪು, ಹುಳಿ, ಕೊಬ್ಬು. ಮನೆಯಡುಗೆಯಲ್ಲಿ ಇನ್ನೊಂದು ಅನುಕೂಲವೂ ಇದೆ. ವೈನ್ ಹೊಂದದಿದ್ದರೆ ಬಾಟಲಿ ಬದಲಿಸಬೇಕಾಗಿಲ್ಲ, ಒಲೆಯ ಮೇಲಿನ ಪಾತ್ರೆಯನ್ನೇ ತಿದ್ದಬಹುದು.

ಸಲಾಡ್

ಎಣ್ಣೆ ಮೂರು ಪಾಲು, ವಿನೆಗರ್ ಒಂದು ಪಾಲು ಇರುವ ಮಾಮೂಲಿ ಡ್ರೆಸಿಂಗ್ ಜೊತೆ ಯಾವ ವೈನೂ ನಿಲ್ಲಲಿಲ್ಲ. ಕಾರಣ ಎರಡು. ವೈನಿನಲ್ಲಿ ಹುಳಿ ಲೀಟರಿಗೆ ಸುಮಾರು 6–7 ಗ್ರಾಂ ಇದ್ದರೆ ವಿನೆಗರಿನಲ್ಲಿ 50 ಗ್ರಾಂ ಆಸುಪಾಸು. ತಟ್ಟೆಯಲ್ಲಿರುವ ಹುಳಿ ಲೋಟದ ಹುಳಿಯನ್ನು ಮೀರಿತೆಂದರೆ ವೈನ್ ಸಪ್ಪೆಯಾಗುತ್ತದೆ. ಜೊತೆಗೆ ಅಸಿಟಿಕ್ ಆಮ್ಲ ಆವಿಯಾಗಿ ಮೂಗಿಗೇ ಬರುತ್ತದೆ, ಕೆಟ್ಟ ವೈನಿನ ವಾಸನೆಯೂ ಅದೇ. ನಿಂಬೆರಸವೂ ವಿನೆಗರಿನಷ್ಟೇ ಹುಳಿ, ಆದರೆ ಅದರ ಸಿಟ್ರಿಕ್ ಆಮ್ಲ ಮೂಗಿಗೆ ಬಡಿಯುವುದಿಲ್ಲ. ಈಗಿನ ಅಳತೆ: ಎಣ್ಣೆ 5 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ, ಉಪ್ಪು ಕಾಲು ಸಣ್ಣ ಚಮಚ. ಬಡಿಸುವ ಮುಂಚೆಯಷ್ಟೇ ಕಲಸಬೇಕು, ಇಲ್ಲದಿದ್ದರೆ ಎಲೆ ಬಾಡಿ ನೀರು ಬಿಡುತ್ತದೆ.

ಇದಕ್ಕೆ ಸೋವಿನ್ಯೋ ಬ್ಲಾಂ, ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್. ಫ್ರಾನ್ಸಿನ ಲ್ವಾರ್ ಕಣಿವೆಯ ಸಾಂಸೇರ್ ಸೀಮೆಯಲ್ಲಿ ಈ ದ್ರಾಕ್ಷಿಯ ವೈನೂ ಶಾವಿನ್ಯೋಲ್ ಹಳ್ಳಿಯ ಆಡಿನ ಚೀಸೂ ಅಕ್ಕಪಕ್ಕದಲ್ಲೇ ತಯಾರಾಗುತ್ತವೆ, ಈ ಜೋಡಿ ಸುಮ್ಮನೆ ಹೆಸರಾದದ್ದಲ್ಲ. ಚೀಸಿನ ಹುಳಿಗೆ ಸಮನಾದ ಹುಳಿ ವೈನಿನಲ್ಲಿದೆ, ಬಾಯಿಗೆ ಅಂಟಿದ ಜಿಡ್ಡನ್ನೂ ಅದು ತೊಳೆಯುತ್ತದೆ. ಓಕ್ ಪೀಪಾಯಿಯಲ್ಲಿ ಇಟ್ಟದ್ದು ಬೇಡ. ಸಲಾಡಿನಲ್ಲಿ ಆರ್ಟಿಚೋಕ್ (ತರಕಾರಿಯಾಗಿ ತಿನ್ನುವ ಒಂದು ಹೂಮೊಗ್ಗು) ಇದ್ದರೆ ತೆಗೆದುಬಿಡಿ. ಅದರಲ್ಲಿರುವ ಸೈನರಿನ್ ಎಂಬ ಅಂಶದಿಂದಾಗಿ ಮುಂದಿನ ಗುಟುಕು ಕೃತಕವಾಗಿ ಸಿಹಿಯೆನಿಸುತ್ತದೆ.

ಸಾಸ್ (ಹೆಚ್ಚು ಸಮಯ ಹಿಡಿದದ್ದು ಇಲ್ಲೇ)

ಮೂರು ವೈನ್‌ಗಳನ್ನು ಒಂದೇ ಸಾಸಿನ ಜೊತೆ ಪರೀಕ್ಷೆಗೆ ಇಟ್ಟೆವು: ತಿಳಿ ಓಕಿನ ಶಾರ್ಡನೇ (ಬಿಳಿ), ಪಿನೋ ನ್ವಾರ್ ಮತ್ತು ಕ್ಯಾಬರ್ನೇ ಸೋವಿನ್ಯೋಂ (ಎರಡೂ ಕೆಂಪು). ವಿಧಾನ ಸರಳ. ವೈನ್ 30 ಮಿಲಿ ಸುರಿದುಕೊಂಡು ಒಂದು ಗುಟುಕು, ಬಳಿಕ ಸಾಸಿನಲ್ಲಿ ಅದ್ದಿದ ಕೋಳಿಯ ತುಂಡು, ಅದನ್ನು ನುಂಗಿದ ತಕ್ಷಣ ಮತ್ತೊಂದು ಗುಟುಕು. ಎರಡನೇ ಗುಟುಕು ಮೊದಲನೆಯದಕ್ಕಿಂತ ಕಹಿಯಾಯಿತೇ, ಒಗರಾಯಿತೇ, ಸಪ್ಪೆಯಾಯಿತೇ ಎಂಬುದಷ್ಟನ್ನೇ ಬರೆದಿಟ್ಟುಕೊಳ್ಳುವುದು.

ಕ್ಯಾಬರ್ನೇ ಸೋತಿತು. ಅಣಬೆಯಲ್ಲಿ, ಅದರಲ್ಲೂ ಒಣಗಿಸಿದ್ದರಲ್ಲಿ, ಉಮಾಮಿ, ಅಂದರೆ ಮಾಂಸದ ಸಾರಿನಂಥ ಗಾಢ ರುಚಿ, ದಂಡಿಯಾಗಿದೆ. ಉಮಾಮಿ ಹೆಚ್ಚಿದಷ್ಟೂ ವೈನಿನ ಟ್ಯಾನಿನ್ (ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಅಂಶ) ಒಗರಾಗಿ, ಕಹಿಯಾಗಿ ಎದ್ದು ಕಾಣುತ್ತದೆ. ಉಪ್ಪು ಕಡಿಮೆಯಿದ್ದ ಸಾಸಿನಲ್ಲಿ ಪಿನೋ ಕೂಡ ತುಸು ಗಡುಸಾಗಿಯೇ ಇತ್ತು. ಅದೇ ಸಾಸಿಗೆ ಅರ್ಧ ಸಣ್ಣ ಚಮಚ ಉಪ್ಪು, ಎರಡು ಸಣ್ಣ ಚಮಚ ನಿಂಬೆರಸ ಸೇರಿಸಿ ಮತ್ತೆ ಕುಡಿದಾಗ ಪಿನೋದ ಹಣ್ಣಿನ ಪರಿಮಳ ಮರಳಿತು, ಒಗರು ತಗ್ಗಿತು. ಈ ಪ್ರಯೋಗವನ್ನು ಯಾರೇ ಆದರೂ ಒಮ್ಮೆ ಮಾಡಿ ನೋಡಲೇಬೇಕು. ಉಪ್ಪು ಮತ್ತು ಹುಳಿ ವೈನನ್ನು ಎಷ್ಟು ಮೃದುಗೊಳಿಸುತ್ತವೆ ಎಂಬುದು ಓದಿದರೆ ತಲೆಗೆ ಹತ್ತುವುದಿಲ್ಲ, ಬಾಯಿಗೇ ಗೊತ್ತಾಗಬೇಕು.

ಸಾಸಿನ ಈಗಿನ ರೂಪ: 400 ಗ್ರಾಂ ಅಣಬೆಯನ್ನು ಅಗಲವಾದ ಬಾಣಲೆಯಲ್ಲಿ ಎರಡು ಸಲವಾಗಿ ಹುರಿಯಬೇಕು. ಒಟ್ಟಿಗೇ ಸುರಿದರೆ ಅದು ಬಿಟ್ಟ ನೀರಿನಲ್ಲೇ ಬೇಯುತ್ತದೆ, ಕಂದು ಬಣ್ಣ ಬರುವುದಿಲ್ಲ. ನೀರೆಲ್ಲ ಆರಿ ಅಂಚು ಕಂದಾದ ಮೇಲೆ ಬಿಳಿ ವೈನ್ 100 ಮಿಲಿ ಹಾಕಿ ಅರ್ಧಕ್ಕಿಳಿಸಿ, ಬಳಿಕ 200 ಮಿಲಿ ಕ್ರೀಮ್. ಕೊಬ್ಬು 35 ಶೇಕಡಾ ಇರುವ ಕ್ರೀಮೇ ಆಗಬೇಕು, ತೆಳುವಾದದ್ದು ಹುಳಿ ತಾಗಿದೊಡನೆ ಒಡೆಯುತ್ತದೆ. ಅಡುಗೆಗೆ ಓಕ್ ಘಾಟಿನ ವೈನ್ ಬಳಸಬೇಡಿ, ಬತ್ತಿದ ಮೇಲೆ ಕಹಿಯಷ್ಟೇ ಉಳಿಯುತ್ತದೆ. ಉಪ್ಪು, ನಿಂಬೆ ಕೊನೆಯಲ್ಲಿ. ಕೋಳಿಗೆ ಸವರುವ ಮಸಾಲೆಯಿಂದ ಮೆಣಸಿನಕಾಯಿಯನ್ನು ಕೈಬಿಟ್ಟಿದ್ದೇವೆ, ಏಕೆಂದರೆ ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ.

ತೀರ್ಮಾನ: ಪಿನೋ ಒಂದು ಬಾಟಲಿ, ಶಾರ್ಡನೇ ಒಂದು ಬಾಟಲಿ, ಎರಡೂ ಮೇಜಿನ ಮೇಲೆ. ಶಾರ್ಡನೇ ಕ್ರೀಮಿನ ಜೊತೆ ಹೊಂದುತ್ತದೆ, ಪಿನೋ ಅಣಬೆಯ ಜೊತೆ. ಒಂದನ್ನೇ ಆರಿಸಬೇಕೆಂದಿದ್ದರೆ ನಮ್ಮ ಮತ ಪಿನೋಗೆ.

ಟಾರ್ಟ್

ಸಿಹಿತಿಂಡಿಗಿಂತ ವೈನ್ ಹೆಚ್ಚು ಸಿಹಿಯಿರಬೇಕು. ಇದಕ್ಕೆ ವಿನಾಯಿತಿ ಅಪರೂಪ. ಕೇಕಿನ ಜೊತೆ ಬ್ರೂಟ್ ಷಾಂಪೇನ್ ಕುಡಿದಾಗ ಅದು ಹುಳಿಹುಳಿ, ನೀರುನೀರು ಎನಿಸುವುದು ಇದರಿಂದಲೇ. ಬ್ರೂಟ್‌ನಲ್ಲಿ ಸಕ್ಕರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ. ಸೋಟೆರ್ನ್ ಎಂಬ ಫ್ರೆಂಚ್ ಸಿಹಿ ವೈನಿನಲ್ಲಿ ಸಾಮಾನ್ಯವಾಗಿ 100 ಗ್ರಾಂ ದಾಟಿರುತ್ತದೆ, ಹುಳಿಯೂ ಸಾಕಷ್ಟಿರುವುದರಿಂದ ನಿಂಬೆಗೆ ಒಪ್ಪುತ್ತದೆ. ಟಾರ್ಟಿನ ಸಕ್ಕರೆಯನ್ನೂ ಕಾಲು ಭಾಗ ಇಳಿಸಿದ್ದೇವೆ.

ಅಳತೆ, ತಂಪು, ಲೋಟ

750 ಮಿಲಿ ಬಾಟಲಿ ಆರು ಜನಕ್ಕೆ ತಲಾ 125 ಮಿಲಿ. ಸಿಹಿ ವೈನಿಗೆ 375 ಮಿಲಿಯ ಅರ್ಧ ಬಾಟಲಿ ಸಾಕು, ತಲಾ 60 ಮಿಲಿಗಿಂತ ಹೆಚ್ಚು ಯಾರೂ ಕುಡಿಯುವುದಿಲ್ಲ. ಪ್ರತಿಯೊಬ್ಬರ ಮುಂದೆ ನೀರಿನ ಲೋಟ ಇರಲಿ. ಗಾಡಿ ಓಡಿಸುವವರಿಗೆ ಬೇರೆ ಪಾನೀಯ ಬೇಕು.

ಸೋವಿನ್ಯೋ ಬ್ಲಾಂ 8–10 ಡಿಗ್ರಿ, ಶಾರ್ಡನೇ 10–13, ಪಿನೋ 13–15. ಫ್ರಿಜ್ಜಿನ 4–5 ಡಿಗ್ರಿಯಲ್ಲಿ ಪರಿಮಳ ಮುಚ್ಚಿಹೋಗುತ್ತದೆ, ಹಾಗಾಗಿ ಶಾರ್ಡನೇಯನ್ನು ಬಡಿಸುವ ಅರ್ಧ ಗಂಟೆ ಮುಂಚೆ ಹೊರಗಿಡಬೇಕು. ಬೆಚ್ಚಗಿನ ಕೋಣೆಯಲ್ಲಿಟ್ಟ ಪಿನೋದಲ್ಲಿ ಆಲ್ಕೋಹಾಲಿನ ಘಾಟು ಮಾತ್ರ ಮೂಗಿಗೆ ಬರುತ್ತದೆ, ಅದಕ್ಕೂ ಫ್ರಿಜ್ ಬೇಕು. ಆತುರವಿದ್ದರೆ ಮಂಜುಗಡ್ಡೆಗೆ ನೀರು ಹಾಕಿ ಒಂದು ಹಿಡಿ ಉಪ್ಪು ಸೇರಿಸಿ. ಬರೀ ಮಂಜುಗಡ್ಡೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುವುದರಿಂದ ತಂಪು ನಿಧಾನ.

ಲೋಟಗಳನ್ನು ಬಿಸಿನೀರಲ್ಲಿ ಮತ್ತೊಮ್ಮೆ ಜಾಲಿಸಿ ಮೂಸಿ ನೋಡಿ. ಬೋರಲು ಹಾಕಿಟ್ಟಿದ್ದರೆ ಕಪಾಟಿನ ವಾಸನೆ ಒಳಗೇ ಉಳಿದಿರುತ್ತದೆ. ಮೂರನೇ ಒಂದು ಭಾಗದಷ್ಟೇ ತುಂಬಿ.

ಬಾಕಿ ಇರುವುದು

ಬಾಟಲಿಗಳನ್ನು ಅತಿಥಿಗಳು ಬರುವ ಮೊದಲೇ ತೆರೆದು ಪರೀಕ್ಷಿಸಬೇಕು. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನಿಂದ ಬಂದ ಟಿಸಿಎ ಎಂಬ ರಾಸಾಯನಿಕ, ಎಷ್ಟು ಹೊತ್ತು ಗಾಳಿಗಿಟ್ಟರೂ ಹೋಗದು. ಅಂಥದ್ದನ್ನು ಸಾಸಿಗೂ ಸುರಿಯಬೇಡಿ. ಇದಕ್ಕಾಗಿ ತಿರುಪು ಮುಚ್ಚಳದ ಪಿನೋ ಒಂದನ್ನು ಹೆಚ್ಚುವರಿಯಾಗಿ ಇಡುವುದು ಪಟ್ಟಿಯಲ್ಲಿದೆ. ಉಳಿದ ವೈನಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಕೆಂಪಾಗಲಿ ಬಿಳಿಯಾಗಲಿ ಫ್ರಿಜ್ಜಿನಲ್ಲೇ ಇಟ್ಟು ಮೂರು ದಿನದೊಳಗೆ ಮುಗಿಸಬೇಕು. ಸೋಟೆರ್ನ್ ಒಂದು ವಾರ ತಾಳುತ್ತದೆ.