ಹೆಸರು ಹೇಳದ ಊರಿನಲ್ಲಿ ದೇವರ ಹೆಸರು

ನಾನು ಕೆಲಸ ಮಾಡುವ ಮನೆ ಇರುವುದು ಇಸ್ರೇಲಿನ ಹೈಫಾದಲ್ಲಿ, ಕರ್ಮೆಲ್ ಬೆಟ್ಟದ ಮೇಲೆ. ಹೌದು, ಬೈಬಲಿನ ಪ್ರವಾದಿ ಎಲೀಯನ ಕತೆಯ ಅದೇ ಕರ್ಮೆಲ್. ಸಂಡೇ ಸ್ಕೂಲಿನ ಚಿತ್ರಗಳಲ್ಲಿ ಅದು ಒಂಟಿ ಗುಡ್ಡ. ಇಲ್ಲಿ ನೋಡಿದರೆ ಸಮುದ್ರದ ದಡದಿಂದ ಒಳನಾಡಿಗೆ ಚಾಚಿದ ಉದ್ದನೆಯ ಬೆಟ್ಟಸಾಲು. ಮೇಲೆ ಅಪಾರ್ಟ್‌ಮೆಂಟು, ಸೂಪರ್‌ಮಾರ್ಕೆಟ್ಟು, ಯೂನಿವರ್ಸಿಟಿ ಎಲ್ಲ ಇವೆ. ಎಲೀಯ ಬಲಿಪೀಠ ಕಟ್ಟಿದ ಜಾಗ ಎಂದು ತೋರಿಸುವ ಮುಹ್ರಾಕಾದಲ್ಲಿ ಕಾರ್ಮೆಲೈಟ್ ಸನ್ಯಾಸಿಗಳ ಮಠ ಇದೆ.

ಊರಿನ ಪ್ರಾರ್ಥನಾ ಕೂಟದವರು ವಾಟ್ಸಾಪಿನಲ್ಲಿ ಆಗಾಗ ಒಂದು ಪಟ್ಟಿ ಕಳಿಸುತ್ತಿರುತ್ತಾರೆ. ಎಲೋಹಿಮ್, ಅದೋನಾಯ್, ಎಲ್ ಶದ್ದಾಯ್, ಯೆಹೋವ ಯೀರೆ, ಯೆಹೋವ ನಿಸ್ಸಿ ಎಂದು ದೇವರ ಹೆಸರುಗಳು, ಎದುರಿಗೆ ಒಂದೊಂದು ಸಾಲಿನ ಅರ್ಥ. "ನೀನು ಅಲ್ಲೇ ಇದ್ದೀಯಲ್ಲ, ಇದು ಸರಿಯಾ ಹೇಳು" ಅಂತ ಚಿಕ್ಕಮ್ಮನ ಒತ್ತಾಯ. ಅರ್ಥ ಹೆಚ್ಚುಕಡಿಮೆ ಸರಿಯೇ. ಆದರೆ ಆ ಪಟ್ಟಿ ನೋಡಿದರೆ ಎಲ್ಲವೂ ಒಂದೇ ಬಗೆಯ ಬಿರುದುಗಳು ಅನಿಸುತ್ತದೆ. ಅದು ಹಾಗಿಲ್ಲ.

ಕರ್ಮೆಲಿನಿಂದಲೇ ಶುರುಮಾಡೋಣ. ಯೆಹೋವ ದೇವರೋ, ಬಾಳ್ ಎಂಬವನು ದೇವರೋ ಎಂಬ ಪಂಥದಲ್ಲಿ ಎಲೀಯನ ಬಲಿಯ ಮೇಲೆ ಬೆಂಕಿ ಬಿದ್ದ ಮೇಲೆ ಜನ ಏನೆಂದು ಕೂಗಿದರು? "ಯೆಹೋವನೇ ದೇವರು." ಅರಸುಗಳ ಮೊದಲನೇ ಪುಸ್ತಕ, 18ನೇ ಅಧ್ಯಾಯ. ಕನ್ನಡದಲ್ಲಿ ಓದುವಾಗ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಆದರೆ ಇಲ್ಲಿ ಎರಡು ಬೇರೆ ಪದಗಳಿವೆ. ಎಲೋಹಿಮ್ ಎಂದರೆ ದೇವರು. ಬಾಳನನ್ನೂ ಅವನ ಭಕ್ತರು ಎಲೋಹಿಮ್ ಅನ್ನುತ್ತಿದ್ದರು. ಇನ್ನೊಂದು, ಅಂದರೆ ಯೆಹೋವ, ಅಂಕಿತನಾಮ, ಒಬ್ಬನದೇ ಹೆಸರು. ಬೆಟ್ಟದ ಮೇಲಿನ ಜಗಳವೇ ಅದು: ದೇವರು ಎಂಬ ಪದ ಯಾರಿಗೆ ಸಲ್ಲಬೇಕು ಅಂತ. ಎಲೀಯ ಎಂಬ ಹೆಸರಿನಲ್ಲೇ ಉತ್ತರ ಇದೆ. ಎಲಿಯಾಹು, ಅಂದರೆ "ಯಾಹುವೇ ನನ್ನ ದೇವರು". ಯೆಹೂದ್ಯರ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸ ಮುಗಿಯುವ ಹೊತ್ತಿಗೆ ಇಲ್ಲಿನ ಸಿನಗಾಗ್‌ಗಳಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರಗಳಲ್ಲಿ, ಈ ಕೂಗನ್ನೇ ಏಳು ಸಲ ಹೇಳುತ್ತಾರೆ. ಕಿಟಕಿ ತೆರೆದಿಟ್ಟರೆ ನಮ್ಮ ಮನೆಗೂ ಕೇಳುತ್ತದೆ.

ಆದರೆ ಅವರು ಕೂಗುವುದು "ಅದೋನಾಯ್ ಹು ಹಾಎಲೋಹಿಮ್" ಎಂದು. ಪುಸ್ತಕದಲ್ಲಿ ಬರೆದಿರುವುದು ಅದೋನಾಯ್ ಅಲ್ಲ. ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರ. ಹೀಬ್ರೂ ಬೈಬಲಿನಲ್ಲಿ ಈ ಹೆಸರು ಸುಮಾರು 6,800 ಸಲ ಬರುತ್ತದೆ. ಕಣ್ಣಿಗೆ ಅದು ಕಂಡರೂ ಬಾಯಿ ಅದೋನಾಯ್ ಅನ್ನುತ್ತದೆ. ಪ್ರಾರ್ಥನೆಯ ಹೊರಗೆ ಅದನ್ನೂ ಹೇಳದೆ "ಹಶೆಮ್" ಅನ್ನುತ್ತಾರೆ. ಹಶೆಮ್ ಎಂದರೆ "ಆ ಹೆಸರು", ಅಷ್ಟೇ. ಹೇಗಿದ್ದೀರಿ ಎಂದು ಕೇಳಿದರೆ "ಬರೂಖ್ ಹಶೆಮ್", ಆ ಹೆಸರಿಗೆ ಸ್ತೋತ್ರ ಅಂತ. ನಾಳೆ ಬರುತ್ತೀರಾ ಅಂದರೆ "ಬೆಎಜ್ರತ್ ಹಶೆಮ್", ಆ ಹೆಸರಿನ ನೆರವಿನಿಂದ ಅಂತ. ಪಕ್ಕದ ಮನೆಯ ಸಂಪ್ರದಾಯಸ್ಥ ಹೆಂಗಸು ಎಲೋಹಿಮ್ ಅನ್ನುವುದಕ್ಕೂ ಹಿಂಜರಿದು "ಎಲೋಕಿಮ್" ಎಂದು ಒಂದು ಅಕ್ಷರ ಬದಲಿಸುತ್ತಾರೆ. ನಮ್ಮ ಅಜ್ಜಿಯಂದಿರು ಗಂಡನ ಹೆಸರು ಹೇಳದೆ "ಅವರು", "ಯಜಮಾನರು" ಅಂತ ಇಡೀ ಬದುಕು ಕಳೆದರಲ್ಲ, ಆ ಅಭ್ಯಾಸ ನೋಡಿದವರಿಗೆ ಇದು ವಿಚಿತ್ರ ಅನಿಸುವುದಿಲ್ಲ.

ಯೇಸುವಿನ ಕಾಲದಲ್ಲೂ ಹೀಗೇ ಇತ್ತು. ಮಹಾಯಾಜಕ ಯೋಮ್ ಕಿಪ್ಪುರ್ ದಿನ ದೇವಾಲಯದಲ್ಲಿ ಆ ಹೆಸರನ್ನು ಹೇಳುತ್ತಿದ್ದ, ಅದನ್ನು ಕೇಳಿದ ಜನ ನೆಲಕ್ಕೆ ಬೀಳುತ್ತಿದ್ದರು ಎಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಆದರೆ ಬೇರೆ ಕಡೆ ಹಾಗಲ್ಲ. ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ವಿಚಾರಣೆಯ ಭಾಗ ಓದಿ. ಮಹಾಯಾಜಕ "ಸ್ತುತಿಹೊಂದುವವನ ಮಗನೋ?" ಎಂದು ಸುತ್ತಿ ಬಳಸಿ ಕೇಳುತ್ತಾನೆ. ಯೇಸುವೂ "ಶಕ್ತಿಯ ಬಲಗಡೆ" ಎಂದು ಸುತ್ತಿ ಬಳಸಿಯೇ ಉತ್ತರ ಕೊಡುತ್ತಾನೆ. ಇಬ್ಬರೂ ಹೆಸರು ಎತ್ತುವುದಿಲ್ಲ.

ಹಾಗಾದರೆ ನಮ್ಮ "ಯೆಹೋವ" ಎಲ್ಲಿಂದ ಬಂತು? ಹೀಬ್ರೂವಿನಲ್ಲಿ ಬರೆಯುವುದು ವ್ಯಂಜನಗಳನ್ನು. ಸುಮಾರು ಸಾವಿರ ವರ್ಷದ ಹಿಂದೆ ಗಲಿಲಾಯದ ಸರೋವರದ ದಡದ ತಿಬೇರಿಯದಲ್ಲಿ ಮಸೊರೇತರು ಎಂಬ ಪಂಡಿತರು ಬೈಬಲಿಗೆ ಸ್ವರದ ಗುರುತು ಹಾಕಿದರು. ಆ ನಾಲ್ಕಕ್ಷರ ಬಂದಲ್ಲಿ ಸಾಮಾನ್ಯವಾಗಿ "ಅದೋನಾಯ್ ಎಂದು ಓದು" ಎಂಬ ನೆನಪಿಗಾಗಿ ಅದೋನಾಯ್‌ನ ಸ್ವರಗಳನ್ನು ಹಾಕಿದರು. ಯುರೋಪಿನ ಕ್ರೈಸ್ತ ವಿದ್ವಾಂಸರು ಒಂದರ ವ್ಯಂಜನ, ಇನ್ನೊಂದರ ಸ್ವರ ಸೇರಿಸಿ ಓದಿದಾಗ ಯೆಹೋವ ಆಯಿತು. ಮೂಲ ಉಚ್ಚಾರ "ಯಾಹ್ವೆ" ಇದ್ದಿರಬೇಕು ಎಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಅದಕ್ಕೆ ಯೆಹೋವ ಎಂಬುದನ್ನು ಬಿಡಬೇಕು ಅಂತ ನನಗೇನೂ ಅನಿಸಿಲ್ಲ. "ಯೆಹೋವನು ನನಗೆ ಕುರುಬನು" ಎಂದು ಹೇಳುತ್ತಲೇ ನಮ್ಮ ಹಿರಿಯರು ಕಣ್ಣು ಮುಚ್ಚಿದ್ದಾರೆ. ಕನ್ನಡದ ಕೆಥೊಲಿಕರ ಬೈಬಲಿನಲ್ಲಿ ಇದೇ ಜಾಗದಲ್ಲಿ "ಸರ್ವೇಶ್ವರ" ಇದೆ. ಅವರು ಹೆಸರಿನ ಬದಲು ಬಿರುದು ಇಟ್ಟರು, ಅದೋನಾಯ್ ಅನ್ನುವವರ ದಾರಿಯದು. 2008ರಲ್ಲಿ ವ್ಯಾಟಿಕನ್ ಕೂಡ ಪೂಜೆಯಲ್ಲಿ, ಹಾಡುಗಳಲ್ಲಿ ಯಾಹ್ವೆ ಎಂದು ಉಚ್ಚರಿಸಬೇಡಿ ಎಂದು ಪತ್ರ ಬರೆಯಿತು. ಹಾಗಂತ ಹೆಸರು ಪೂರ್ತಿ ಮರೆಯಾಗಿಲ್ಲ. "ಹಲ್ಲೆಲೂಯ" ಎಂಬುದರ ಕೊನೆಯ "ಯಾ" ಆ ಹೆಸರಿನ ಚಿಕ್ಕ ರೂಪವೇ.

ಆ ಹೆಸರಿನ ಅರ್ಥ ಏನು ಎಂದರೆ ಮೋಶೆಯ ಹತ್ತಿರ ಹೋಗಬೇಕು. ಉರಿಯುವ ಪೊದೆಯ ಮುಂದೆ ನಿಂತು ಮೋಶೆ ಹೆಸರು ಕೇಳುತ್ತಾನೆ. ಉತ್ತರ: "ಎಹ್ಯೆ ಅಶೆರ್ ಎಹ್ಯೆ." ಕನ್ನಡ ಬೈಬಲಿನಲ್ಲಿ "ಇರುವಾತನು" ಎಂಬ ಮಾತು ಬರುವುದು ಇಲ್ಲಿ. ಹಳೆಯ ಗ್ರೀಕ್ ಅನುವಾದದಲ್ಲೂ ಹೀಗೇ ಇದೆ. ಇಲ್ಲಿನ ಗ್ರೀಕ್ ಸಂಪ್ರದಾಯದ ಚರ್ಚುಗಳಲ್ಲಿ ಯೇಸುವಿನ ಚಿತ್ರದ ಪ್ರಭೆಯೊಳಗೆ ಆ ಗ್ರೀಕ್ ಪದವನ್ನು ಬರೆದಿರುತ್ತಾರೆ. ಇರುವಾತನು ಎಂದ ಕೂಡಲೇ ತತ್ವಶಾಸ್ತ್ರ ಶುರುವಾಗುತ್ತದೆ, ಅಸ್ತಿತ್ವ ಅದು ಇದು ಅಂತ. ಆದರೆ ಎಹ್ಯೆ ಎಂಬುದು ಬೀದಿಯ ಹೀಬ್ರೂವಿನಲ್ಲಿ ಇವತ್ತಿಗೂ ಇದೆ. ನಾಳೆ ಎಂಟಕ್ಕೆ ಬಸ್‌ಸ್ಟಾಪಿನಲ್ಲಿ ಇರುತ್ತೇನೆ ಎನ್ನಲು ಅದೇ "ಎಹ್ಯೆ". ಏನೇ ತೊಂದರೆ ಹೇಳಿದರೂ ಇಲ್ಲಿನವರು ಕೊಡುವ ಉತ್ತರ "ಯಿಹ್ಯೆ ಬೆಸೆದೆರ್", ಎಲ್ಲ ಸರಿಹೋಗುತ್ತೆ ಅಂತ. ಅದೂ ಅದೇ ಧಾತು. ನನಗೆ ಕನ್ನಡದ "ಇರುತ್ತೇನೆ" ಇದಕ್ಕೆ ತುಂಬ ಹತ್ತಿರ ಕಾಣುತ್ತದೆ. ಇವತ್ತೂ ಆಗುತ್ತದೆ, ನಾಳೆಯೂ ಆಗುತ್ತದೆ. ಎರಡು ವಚನ ಹಿಂದೆ ಹೋದರೆ ಇನ್ನೂ ಸ್ಪಷ್ಟ. ಫರೋಹನ ಹತ್ತಿರ ಹೋಗಲು ನಾನು ಯಾರು ಎಂದು ಮೋಶೆ ಹಿಂದೆಗೆದಾಗ ದೇವರು "ನಾನೇ ನಿನ್ನ ಸಂಗಡ ಇರುವೆನು" ಅನ್ನುತ್ತಾನೆ. ಅಲ್ಲಿರುವುದೂ ಇದೇ ಎಹ್ಯೆ. ಹಾಗಾಗಿ ಹೆಸರು ಕೇಳಿದವನಿಗೆ ಸಿಕ್ಕಿದ್ದು, ಮೊದಲು ಕೊಟ್ಟ ಮಾತೇ ಇನ್ನೊಂದು ಸಲ ಅಂತ ನಾನು ಓದಿಕೊಳ್ಳುತ್ತೇನೆ.

ನಾನು ನೋಡಿಕೊಳ್ಳುವ ಅಜ್ಜ ಹಿಂದೆ ಹೈಸ್ಕೂಲಿನಲ್ಲಿ ಹೀಬ್ರೂ ಕಲಿಸುತ್ತಿದ್ದವರು. ಅವರನ್ನು ನಾನು ಕರೆಯುವುದು "ಸಬಾ" ಎಂದು, ಅಂದರೆ ಅಜ್ಜ. ಸಬಾ ದೇವರನ್ನು ನಂಬುವುದಿಲ್ಲ, ವ್ಯಾಕರಣವನ್ನು ಚೆನ್ನಾಗಿ ನಂಬುತ್ತಾರೆ. ಒಂದು ಬೆಳಿಗ್ಗೆ ಮಾತ್ರೆ ಕೊಡುವಾಗ ಕೇಳಿದರು: "ನಿಮ್ಮ ಭಾಷೆಯಲ್ಲಿ ಎಲೋಹಿಮ್‌ಗೆ ಏನಂತೀರಿ?"

"ದೇವರು."

"ಏಕವಚನವೋ ಬಹುವಚನವೋ?"

ಬೈಬಲ್ ತೆಗೆದು ಮೊದಲ ಸಾಲು ಓದಿದೆ. "ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು." ಪದದ ಕೊನೆಗೆ "ರು" ಇದೆ, ಕ್ರಿಯಾಪದಕ್ಕೆ "ನು" ಇದೆ ಎಂದು ವಿವರಿಸಿದೆ. ಸಬಾ ಮಾತ್ರೆ ಮರೆತು ಎದ್ದು ಕೂತರು. ಹೀಬ್ರೂವಿನಲ್ಲೂ ಅಚ್ಚು ಹಾಗೇ ಇದೆ! ಎಲೋಹಿಮ್‌ನ "ಇಮ್" ಬಹುವಚನದ ಗುರುತು. ಆದರೆ "ಬಾರಾ", ಅಂದರೆ ಸೃಷ್ಟಿಸಿದನು, ಏಕವಚನ. ಇಂಗ್ಲಿಷ್ ಬೈಬಲಿನಲ್ಲಿ ಕಾಣದ ಈ ಸಂಗತಿ ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ತಾನಾಗಿ ಬಂದು ಕೂತಿದೆ. ಮತ್ತೆ ಮತ್ತೆ ಓದಿಸಿದರು.

ಈ "ಇಮ್" ನೋಡಿ ತ್ರಯೇಕತ್ವಕ್ಕೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಗೆ, ಇದೇ ಸಾಕ್ಷಿ ಎನ್ನುವ ಬೋಧಕರಿದ್ದಾರೆ. ಊರಲ್ಲೂ ಕೇಳಿದ್ದೇನೆ. ನನಗೆ ಅದು ಒಪ್ಪಿಗೆ ಆಗುವುದಿಲ್ಲ. ಫಿಲಿಷ್ಟಿಯರ ದೇವರು ದಾಗೋನ್ ಒಬ್ಬನೇ, ಅವನಿಗೂ ಸಮುವೇಲನ ಪುಸ್ತಕ ಎಲೋಹಿಮ್ ಎಂದೇ ಹೇಳುತ್ತದೆ. ಮೋಶೆಯನ್ನೂ ಫರೋಹನಿಗೆ ಎಲೋಹಿಮ್ ಮಾಡಿದ್ದೇನೆ ಎಂದು ವಿಮೋಚನಕಾಂಡದಲ್ಲಿದೆ. ದೊಡ್ಡಸ್ತಿಕೆಯ ಬಹುವಚನ ಅದು, ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ತ್ರಯೇಕತ್ವದ ಆಧಾರ ಹೊಸ ಒಡಂಬಡಿಕೆಯಲ್ಲಿದೆ, ಅಲ್ಲೇ ಹುಡುಕಬೇಕು.

ಹೊಸ ಒಡಂಬಡಿಕೆಗೆ ದಾಟುವ ಸೇತುವೆ ಅದೋನಾಯ್. "ಅದೋನ್" ಎಂದರೆ ಒಡೆಯ. ಇಲ್ಲಿ ಪೊಲೀಸರು, ಬಸ್ ಡ್ರೈವರ್‌ಗಳು ಗಂಡಸರನ್ನು ಕರೆಯುವುದೇ "ಅದೋನಿ", ನಮ್ಮ "ಸಾರ್" ಥರ. ಕ್ರಿಸ್ತನಿಗಿಂತ ಮೊದಲೇ ಗ್ರೀಕಿಗೆ ಅನುವಾದ ಆದಾಗ ಹೆಸರಿನ ಜಾಗಕ್ಕೆ "ಕ್ಯೂರಿಯೊಸ್", ಅಂದರೆ ಒಡೆಯ ಎಂಬ ಪದ ಬಂದು ನಿಂತಿತು. ಅದನ್ನೇ ಓದಿಕೊಂಡು ಬೆಳೆದ ಅಪೊಸ್ತಲ ಪೌಲ "ಯೇಸು ಕ್ರಿಸ್ತನೇ ಕ್ಯೂರಿಯೊಸ್" ಎಂದು ಬರೆದರೆ, ಕೇಳಿದವರ ಕಿವಿಗೆ ಬರೀ ಒಡೆಯ ಎಂದು ಕೇಳಿರಲಿಕ್ಕಿಲ್ಲ. ನಮ್ಮ ಬೈಬಲಿನ "ಕರ್ತನು" ಎಂಬ ಪದದ ಹಿಂದೆ ಇಷ್ಟೆಲ್ಲ ಇದೆ.

ಎಲ್ ಶದ್ದಾಯ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸರ್ವಶಕ್ತ ಎಂದು ಅನುವಾದ ಮಾಡುತ್ತಾರೆ, ಆದರೆ ಮೂಲದಲ್ಲಿ ಬೆಟ್ಟವೋ ಎದೆಹಾಲೋ ಎಂದು ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಇಲ್ಲಿ ಪ್ರತಿ ಬಾಗಿಲಿನ ನಿಲುವಿಗೆ ಮೆಜೂಜಾ ಎಂಬ ಪುಟ್ಟ ಡಬ್ಬಿ ಹೊಡೆದಿರುತ್ತಾರೆ. ಅದರ ಮೇಲೆ ಕಾಣುವ "ಶಿನ್" ಅಕ್ಷರ ಶದ್ದಾಯ್‌ನ ಮೊದಲ ಅಕ್ಷರ.

ಬಾಳ್ ಪದದ ಕತೆ ಮಜಾ ಇದೆ. ನಮಗೆ ಬಾಳ್ ಎಂದರೆ ವಿಗ್ರಹ. ಇಲ್ಲಿ ಪಾರ್ಕಿನಲ್ಲಿ ಕೂತ ಹೆಂಗಸರೆಲ್ಲ ಮಾತುಮಾತಿಗೆ "ಬಾಲಿ ಹೀಗಂದ, ಬಾಲಿ ಹಾಗಂದ" ಅನ್ನುತ್ತಾರೆ. ಬಾಲಿ ಎಂದರೆ ನನ್ನ ಗಂಡ! ಪದದ ಮೂಲಾರ್ಥ ಒಡೆಯ. ಮನೆ ಮಾಲೀಕನಿಗೂ "ಬಾಲ್ ಬಾಯಿತ್". ಅಜ್ಜಿಯಂದಿರ "ಯಜಮಾನರು" ಪದಕ್ಕಿರುವ ಅರ್ಥವೆಲ್ಲ ಇದಕ್ಕಿದೆ. ಹೋಶೇಯನ ಎರಡನೇ ಅಧ್ಯಾಯದಲ್ಲಿ ದೇವರು, ಇನ್ನು ನನ್ನನ್ನು "ಬಾಲಿ" ಅನ್ನಬೇಡ, "ಈಶಿ" ಅನ್ನು ಎಂದು ಹೇಳುವ ಮಾತಿದೆ. ಎರಡಕ್ಕೂ ಗಂಡ ಎಂದೇ ಅರ್ಥ, ಆದರೆ ಒಂದರಲ್ಲಿ ಯಜಮಾನಿಕೆ ಇದೆ, ಇನ್ನೊಂದರಲ್ಲಿ ಇಲ್ಲ.

ಈಗ ಚಿಕ್ಕಮ್ಮನ ಪಟ್ಟಿಗೆ ಬರುತ್ತೇನೆ. ಯೆಹೋವ ಯೀರೆ ದೇವರ ಹೆಸರಲ್ಲ, ಒಂದು ಜಾಗದ ಹೆಸರು. ಮಗ ಇಸಾಕನ ಬದಲು ಬಲಿಗೆ ಟಗರು ಸಿಕ್ಕ ಜಾಗಕ್ಕೆ ಅಬ್ರಹಾಮ ಇಟ್ಟದ್ದು. ಯೆಹೋವ ನಿಸ್ಸಿ ಮೋಶೆ ಕಟ್ಟಿದ ಬಲಿಪೀಠ, ಯೆಹೋವ ಶಾಲೋಮ್ ಗಿದ್ಯೋನನ ಬಲಿಪೀಠ, ಯೆಹೋವ ಶಮ್ಮಾ ಯೆಹೆಜ್ಕೇಲ ಕಂಡ ಪಟ್ಟಣ. ಯೆಹೋವ ರಾಫಾ ಹೆಸರಿನ ರೂಪದಲ್ಲೇ ಇಲ್ಲ. "ನಿನ್ನನ್ನು ವಾಸಿಮಾಡುವ ಯೆಹೋವನು ನಾನೇ" ಎಂಬ ವಾಕ್ಯ ಅದು. ವಾಸಿಮಾಡುವವ ಅಂದರೆ "ರೋಫೆ". ಸಬಾನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಡಾಕ್ಟರ ಬಾಗಿಲ ಮೇಲೆ ಬರೆದಿರುವುದೂ ಅದೇ ಪದ. ಹಾಡುವವರು ಹಾಡಲಿ, ತಪ್ಪೇನಿಲ್ಲ. ಯಾವ ಜಾಗದಲ್ಲಿ, ಯಾರಿಗೆ ಏನಾಯಿತು ಎಂಬುದನ್ನು ಬಿಟ್ಟು ಬಿರುದು ಮಾತ್ರ ಉಳಿಸಿಕೊಂಡರೆ ಕತೆ ಕಳೆದುಹೋಗುತ್ತದೆ ಅಂತ ನನ್ನ ತಕರಾರು.

ನಿಜವಾಗಿ ದೇವರಿಗೇ ಹೆಸರಿಟ್ಟವಳು ಒಬ್ಬಳಿದ್ದಾಳೆ, ಅವಳ ಸಾಲು ಪಟ್ಟಿಯ ಕೊನೆಯಲ್ಲಿ ಎಲ್ಲೋ ಇರುತ್ತದೆ. ಹಾಗರ್. ಐಗುಪ್ತದವಳು, ಅಬ್ರಹಾಮನ (ಆಗಿನ್ನೂ ಅಬ್ರಾಮ) ಹೆಂಡತಿ ಸಾರಯಳ ಮನೆಕೆಲಸದವಳು. ಆದಿಕಾಂಡದ 16ನೇ ಅಧ್ಯಾಯ ಓದಿ ನೋಡಿ. ಅಬ್ರಾಮನೂ ಸಾರಯಳೂ ಒಮ್ಮೆಯೂ ಅವಳ ಹೆಸರು ಹಿಡಿದು ಮಾತಾಡುವುದಿಲ್ಲ. "ನನ್ನ ದಾಸಿ", "ನಿನ್ನ ದಾಸಿ", ಅಷ್ಟೇ. ಬಸುರಿಯಾಗಿ ಅಡವಿಗೆ ಓಡಿಹೋದಾಗ ಮೊದಲ ಸಲ "ಹಾಗರಳೇ" ಎಂದು ಕರೆಯುವುದು ದೇವದೂತ. ಆಗ ಅವಳು ಇಟ್ಟ ಹೆಸರು "ಎಲ್ ರೋಯೀ", ನನ್ನನ್ನು ನೋಡುವ ದೇವರು. ಸಬಾ ಇನ್ನೊಂದು ತೋರಿಸಿದರು. ಸ್ವರ ಬಿಟ್ಟು ಬರೆದರೆ "ಹಾಗರ್" ಮತ್ತು "ಹಗೇರ್" ಒಂದೇ ಅಕ್ಷರಗಳು. ಹಗೇರ್ ಎಂದರೆ ಪರದೇಶಿ. ಮನೆಯವರು ನನ್ನನ್ನು ಬೇರೆಯವರಿಗೆ ಪರಿಚಯಿಸುವಾಗ "ಇವಳು ಸಬಾನ ಮೆತಪೆಲೆತ್" ಅನ್ನುತ್ತಾರೆ, ನೋಡಿಕೊಳ್ಳುವವಳು ಅಂತ. ಸಬಾ ಮಾತ್ರ ಹೆಸರು ಹೇಳುತ್ತಾರೆ, ಅದೂ ಕನ್ನಡದ ಉಚ್ಚಾರ ಸರಿಯಾಗಿ ಬರುವವರೆಗೆ ಬಿಡದೆ.

ಪಟ್ಟಿಗೆ ಇನ್ನೊಂದು ಸೇರಿಸಬಹುದು ಎಂದು ಚಿಕ್ಕಮ್ಮನಿಗೆ ಬರೆದಿದ್ದೇನೆ. "ತ್ಸಾವಾ" ಎಂದರೆ ಸೈನ್ಯ. ಇಲ್ಲಿನ ಹುಡುಗ ಹುಡುಗಿಯರು ಹದಿನೆಂಟಕ್ಕೆ ಹೋಗುವುದು ಅಲ್ಲಿಗೇ. ಅದರ ಬಹುವಚನ "ತ್ಸೆವಾಓತ್", ನಮ್ಮ ಬೈಬಲಿನ "ಸೇನಾಧೀಶ್ವರ" ಬಂದದ್ದು ಅದರಿಂದ.  ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಈ ಹೀಬ್ರೂ ಪದ ಅನುವಾದವಾಗದೆ ಹಾಗೇ ಉಳಿದಿರುವುದು ಎರಡೇ ಕಡೆ. ಒಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ. ಇನ್ನೊಂದು ಯಾಕೋಬನ ಪತ್ರದ 5ನೇ ಅಧ್ಯಾಯ, 4ನೇ ವಚನ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ಸೇನಾಧೀಶ್ವರನ ಕಿವಿಗೆ ಬಿದ್ದಿದೆ ಅಂತ. ಶನಿವಾರ ನಮ್ಮ ಕರಾವಳಿಯವರು ಸೇರಿದಾಗ ಯಾರದೋ ಮನೆಯಲ್ಲಿ ಸಂಬಳ ಬಾಕಿ ಇಟ್ಟ ಸುದ್ದಿ ಬಂದರೆ, ಹಿರಿಯ ಅಕ್ಕ ಒಬ್ಬರು ಈ ವಚನ ಹೇಳುತ್ತಾರೆ. ಹೇಳಿ ಮುಗಿಸಿ, ಕೆಲಸಗಾರರ ದೂರು ತೆಗೆದುಕೊಳ್ಳುವ ಕಚೇರಿಯ ಫೋನ್ ನಂಬರ್ ಕೂಡ ಕೊಡುತ್ತಾರೆ.